ಎರಡು ಎಲೆ ಹಾಕುವಷ್ಟು ಹೊತ್ತು

"ಟೆಂಡರ್ ಪಟ್ಟಿ ಅಂತ ಒತ್ತಿ, ಎಲೆಗೆ ಸುಣ್ಣ ಹಚ್ಚಿ, ಹೋಳು ಇಟ್ಟು, ಮಡಚಿ ಬಾಯಿಗೆ ಹಾಕ್ಕಂಡು, ಇನ್ನೊಂದು ಎಲೆ ತೆಗೆದು ತೊಟ್ಟು ಮುರೀತೀನಿ. ಆವಾಗ ಬರ್ತದೆ ನೋಡು ನಿನ್ ಪಟ್ಟಿ."

ಹೋದ ಸೀಸನ್ನಿನಲ್ಲಿ ಅಡಿಕೆ ಮಂಡಿಯ ರೈಟರು ಫೋನಿನಲ್ಲಿ ಹೀಗೆ ಹೇಳಿದರು. ಸಿಟ್ಟು ಮಾಡಿಕೊಂಡು ಹೇಳಿದ್ದಲ್ಲ. ಹೊತ್ತನ್ನು ಅವರು ಅಳೆಯುವುದೇ ಹಾಗೆ. ನಾನು ಹುಟ್ಟುವುದಕ್ಕೆ ಮೊದಲಿನಿಂದ ಆ ಮಂಡಿಯ ಗಲ್ಲಾದ ಪಕ್ಕ ಕೂತು ಲೆಕ್ಕ ಬರೆದವರು. ಆದರೂ ಈಚೆ ಕಡೆ ನನಗೆ ಕಿವಿ ಬಿಸಿಯಾಯಿತು. ಆ ತಂತ್ರಾಂಶ ಬರೆದವನು ನಾನೇ, ಮತ್ತು ಮೂರು ವಾರದಿಂದ "ಸರಿ ಮಾಡ್ತೀನಿ ರೈಟರೇ" ಅನ್ನುತ್ತಿದ್ದವನೂ ನಾನೇ.

ನಮ್ಮ ಮನೆ ಮಂಡಗದ್ದೆ ಕಡೆ. ಹಗಲು ಹೊತ್ತು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ, ಉಳಿದ ಹೊತ್ತು ಒಂದೂವರೆ ಎಕರೆ ತೋಟ. ಅಪ್ಪ ಅಡಿಕೆ ಹಾಕುವುದು ಶಿವಮೊಗ್ಗದ ಒಂದು ಮಂಡಿಗೆ. ನಾಲ್ಕು ವರ್ಷದ ಹಿಂದೆ ಅಲ್ಲಿನ ಸಾವ್ಕಾರ್ರು "ನಿನ್ ಮಗ ಕಂಪ್ಯೂಟರ್ ಓದಿದಾನಲ್ಲ, ಒಂದು ಲೆಕ್ಕದ ಪ್ರೋಗ್ರಾಂ ಮಾಡ್ಕೊಡ್ಲಿ" ಅಂದರು. ಅಪ್ಪ ನನ್ನನ್ನು ಕೇಳದೆ ಹೂಂ ಅಂದರು. ಪುಟಗಳನ್ನು ಕಟ್ಟಲು ಜಾಂಗೋ, ಲೆಕ್ಕ ಇಡುವ ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅಷ್ಟೇ ಸಾಮಾನು.

ಟೆಂಡರ್ ಪಟ್ಟಿ ಅಂದರೇನು ಅಂತ ಅಡಿಕೆ ಸೀಮೆಯ ಹೊರಗಿನವರಿಗೆ ಹೇಳಬೇಕು. ರೈತರು ತಂದ ಚೀಲಗಳನ್ನು ತೂಗಿ, ಲಾಟ್ ಮಾಡಿ ನಂಬರ್ ಹಾಕುತ್ತಾರೆ. ಖರೀದಿದಾರರು ಬಂದು ಒಂದು ಹಿಡಿ ತೆಗೆದು ನೋಡಿ, ಒಂದೆರಡು ಒಡೆದು ಬಣ್ಣ ನೋಡಿ, ದರ ಬರೆಯುತ್ತಾರೆ. ಹೆಚ್ಚು ಬರೆದವರಿಗೆ ಲಾಟ್. ಪಟ್ಟಿಯ ಒಂದೊಂದು ಸಾಲಿನಲ್ಲೂ ಲಾಟ್ ನಂಬರ್, ರೈತರ ಹೆಸರು, ಊರು, ಮಾಲಿನ ಜಾತಿ (ಸರಕು, ಬೆಟ್ಟೆ, ರಾಶಿ, ಗೊರಬಲು, ಈ ನಾಲ್ಕರಲ್ಲಿ ಒಂದು), ತೂಕ, ಖರೀದಿದಾರ, ದರ. ಕೊನೆಯ ಕಾಲಂನಲ್ಲಿ ಆ ರೈತ ಮಂಡಿಯಿಂದ ಎತ್ತಿದ ಮುಂಗಡದಲ್ಲಿ ಉಳಿದ ಬಾಕಿ. ಈ ಬಾಕಿ ಕಾಲಂ ಮೊದಲು ಇರಲಿಲ್ಲ, ಸಾವ್ಕಾರ್ರು ಕೇಳಿದರು ಅಂತ ಆಮೇಲೆ ಸೇರಿಸಿದೆ. ಅದರ ಕಥೆ ಮುಂದೆ ಬರುತ್ತದೆ.

ಮೊದಲ ಮೂರು ವರ್ಷ ಎಲ್ಲಾ ಒಂದೇ ಮಿಷನ್ನಿನಲ್ಲಿತ್ತು, ಮಂಡಿಯ ಒಳಕೋಣೆಯಲ್ಲಿ. ಹೋದ ವರ್ಷ ಮಳೆಗಾಲಕ್ಕೆ ಮುಂಚಿನ ಗುಡುಗಿನಲ್ಲಿ ಒಂದು ಸಿಡಿಲು ಬಡಿದು ಯುಪಿಎಸ್ಸು, ಮದರ್‌ಬೋರ್ಡು, ಹಾರ್ಡ್‌ಡಿಸ್ಕು ಮೂರೂ ಒಟ್ಟಿಗೆ ಹೋದವು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಬದುಕಿಕೊಂಡೆ. ಸಾವ್ಕಾರ್ರು ಒಂದೇ ಮಾತು ಹೇಳಿದರು: "ಲೆಕ್ಕ ಈ ಊರಲ್ಲೇ ಇರಬಾರದು." ಹಾಗಾಗಿ ಡೇಟಾಬೇಸನ್ನು ಮುಂಬೈಯ ಕ್ಲೌಡ್ ಸರ್ವರಿಗೆ ಸಾಗಿಸಿದೆ. ಪ್ರೋಗ್ರಾಂ ಮಾತ್ರ ಮಂಡಿಯ ಹೊಸ ಮಿಷನ್ನಿನಲ್ಲೇ ಬಿಟ್ಟೆ, ಪ್ರಿಂಟರ್ ಅಲ್ಲೇ ಇದೆಯಲ್ಲ ಅಂತ. ಅದು ಮೇ ತಿಂಗಳು. ಮಳೆಗಾಲದಲ್ಲಿ ಮಂಡಿಗೆ ಬರುವ ಮಾಲು ಕಡಿಮೆ, ದಿನಕ್ಕೆ ಹತ್ತು ಹದಿನೈದು ಲಾಟ್. ಯಾರೂ ಏನೂ ಅನ್ನಲಿಲ್ಲ. ನವೆಂಬರಿನಲ್ಲಿ ಹೊಸ ಅಡಿಕೆ ಬರಲು ಶುರುವಾದಾಗ ರೈಟರ ಫೋನೂ ಬರಲು ಶುರುವಾಯಿತು.

ಆ ಮೂರು ವಾರ ನಾನು ಏನು ಮಾಡಿದೆ ಅಂತ ಬರೆಯಲು ನಾಚಿಕೆ. ಮೊದಲು ಸರ್ವರಿಗೆ ತಾಕತ್ತಿಲ್ಲ ಅಂತ ಎರಡು ಪಟ್ಟು ಮೆಮೊರಿ ಇರುವ ದೊಡ್ಡ ಸೈಜಿಗೆ ಏರಿಸಿದೆ. ಬಿಲ್ಲೂ ಎರಡು ಪಟ್ಟಾಯಿತು, ಪಟ್ಟಿ ಮಾತ್ರ ಎರಡು ಎಲೆಯಿಂದ ಅಲ್ಲಾಡಲಿಲ್ಲ. ಸಿಪಿಯು ಶೇ. 12ರ ಮೇಲೆ ಹೋಗಿಯೇ ಇರಲಿಲ್ಲ ಅನ್ನುವುದನ್ನು ಏರಿಸುವ ಮೊದಲೇ ನೋಡಬಹುದಿತ್ತು. ಆಮೇಲೆ ಮಂಡಿಯ ಇಂಟರ್ನೆಟ್ಟನ್ನು ಬೈದೆ. ಕೇಬಲ್ಲಿನ ಹುಡುಗ ಬಂದು, ವೇಗ ಅಳೆದು ತೋರಿಸಿ, "ಸಿನಿಮಾ ನೋಡ್ಬೋದು ಸರ್ ಇದ್ರಲ್ಲಿ" ಅಂತ ಹೇಳಿ ಹೋದ. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪುಟ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು.

ನಾಲ್ಕನೇ ವಾರ ಸ್ವಲ್ಪ ಬುದ್ಧಿ ಬಂದು, ಊಹೆ ಬಿಟ್ಟು ಡೇಟಾಬೇಸನ್ನೇ ಕೇಳೋಣ ಅಂದುಕೊಂಡೆ. ಪೋಸ್ಟ್‌ಗ್ರೆಸ್‌ನಲ್ಲಿ 'ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್' ಅಂತ ಒಂದು ಸೆಟ್ಟಿಂಗ್ ಇದೆ. ಇಷ್ಟು ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ ಕ್ವೆರಿಗಳನ್ನೆಲ್ಲ (ಪ್ರೋಗ್ರಾಂ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಬರೆದಿಡು ಅಂತ ಹೇಳುವುದು. ತಾನಾಗಿ ಅದು ಮುಚ್ಚಿರುತ್ತದೆ, ಮೈನಸ್ 1. ಸೊನ್ನೆ ಕೊಟ್ಟರೆ ಎಲ್ಲವನ್ನೂ ಬರೆಯುತ್ತದೆ. ನಾನು 500 ಕೊಟ್ಟು, ಇನ್ನು ಕಳ್ಳ ಸಿಕ್ಕಿಬೀಳುತ್ತಾನೆ ಅಂತ ಕಾದೆ.

ಒಂದಿಡೀ ಟೆಂಡರ್ ದಿನ ಮುಗಿಯಿತು. ಸಂಜೆ ಲಾಗ್ ತೆರೆದರೆ ಖಾಲಿ. ಹದಿನೈದು ಸೆಕೆಂಡ್ ತಿನ್ನುವ ಪುಟದಲ್ಲಿ ಅರ್ಧ ಸೆಕೆಂಡ್ ಮೀರಿದ ಒಂದು ಕ್ವೆರಿಯೂ ಇಲ್ಲ.

ಮಾರನೆಯ ದಿನ ರಜೆ ಹಾಕಿ ಬಸ್ ಹತ್ತಿದೆ. ಸಕ್ರೆಬೈಲು ದಾಟಿ, ಗಾಜನೂರು ದಾಟಿ ಶಿವಮೊಗ್ಗ ಮುಟ್ಟುವವರೆಗೂ ತಲೆಯಲ್ಲಿ ಅದೇ. ರೈಟರ ಪಕ್ಕ ಮರದ ಸ್ಟೂಲ್ ಹಾಕಿಕೊಂಡು ಕೂತೆ. ಅವರೇ ಮಾತಿಗೆ ಹೇಳಿದ್ದು:

"ಎಲ್ಲಾ ದಿನಾನೂ ಹೀಗೆ ಆಗಲ್ಲ ಮಾರಾಯ. ಇಪ್ಪತ್ತು ಲಾಟ್ ಇದ್ರೆ ಸುಣ್ಣ ಹಚ್ಚೋದ್ರೊಳಗೆ ಬರ್ತದೆ. ನೂರು ಇದ್ರೆ ಒಂದು ಎಲೆ. ಮಾಲು ಹೆಚ್ಚಿದಷ್ಟೂ ಎಲೆ ಹೆಚ್ಚು."

ಮೂರು ವಾರದಿಂದ ನನ್ನ ಹತ್ತಿರ ಇಲ್ಲದ ಮಾಹಿತಿ ಇದು. ನಾನು ಕೇಳಿರಲೇ ಇಲ್ಲ. "ಸ್ಲೋ" ಅಂತ ಒಂದು ಮಾತಿಗೆ ನಾನು ಒಂದೇ ಒಂದು ದೊಡ್ಡ ಕಳ್ಳನನ್ನು ಹುಡುಕುತ್ತಿದ್ದೆ. ಲಾಟ್ ಹೆಚ್ಚಿದ ಲೆಕ್ಕಕ್ಕೆ ಸರಿಯಾಗಿ ಹೊತ್ತೂ ಹೆಚ್ಚುತ್ತಿದೆ ಅಂದರೆ, ಒಂದೊಂದು ಲಾಟಿಗೂ ಯಾರೋ ಸ್ವಲ್ಪ ಸ್ವಲ್ಪ ಕದಿಯುತ್ತಿದ್ದಾರೆ ಅಂತ. ನಿಧಾನದ ಕ್ವೆರಿ ಹುಡುಕುವುದಲ್ಲ, ಒಂದು ಪುಟಕ್ಕೆ ಎಷ್ಟು ಕ್ವೆರಿ ಹೋಗುತ್ತಿವೆ ಅಂತ ಎಣಿಸಬೇಕಿತ್ತು.

ಲ್ಯಾಪ್‌ಟಾಪಿನಲ್ಲಾದರೆ ಇದನ್ನು ನೋಡಲು ಜಾಂಗೋ ಡಿಬಗ್ ಟೂಲ್‌ಬಾರ್ ಇದೆ, ಪುಟದ ಬಲಗಡೆ ಕೂತು ಎಲ್ಲಾ ಕ್ವೆರಿ ತೋರಿಸುತ್ತದೆ. ಆದರೆ ನಡೆಯುವ ಮಂಡಿಯಲ್ಲಿ ಡಿಬಗ್ (ತಪ್ಪು ಹುಡುಕುವಾಗಿನ ಸೆಟ್ಟಿಂಗ್) ಆನ್ ಮಾಡಿಡಬಾರದು. ಅಲ್ಲಿ 'ಎಕ್ಸಿಕ್ಯೂಟ್ ರ‍್ಯಾಪರ್' ಕೆಲಸಕ್ಕೆ ಬರುತ್ತದೆ. ಪ್ರೋಗ್ರಾಂನಿಂದ ಡೇಟಾಬೇಸಿಗೆ ಹೋಗುವ ಪ್ರತಿ ಕ್ವೆರಿಯೂ ನಾವು ಬರೆದ ಒಂದು ಫಂಕ್ಷನ್ ಮೂಲಕ ಹಾದುಹೋಗುವ ಹಾಗೆ ಜಾಂಗೋದಲ್ಲಿ ಏರ್ಪಾಡಿದೆ. ಚೆಕ್‌ಪೋಸ್ಟಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುವವನ ಹಾಗೆ. ಇಪ್ಪತ್ತು ಸಾಲಿನ ಒಂದು ಮಿಡಲ್‌ವೇರ್ (ಪ್ರತಿ ಪುಟದ ಕೋರಿಕೆಯೂ ಹಾದುಹೋಗುವ ನಡುವಿನ ಕೋಡು) ಬರೆದು, ಕ್ವೆರಿ, ಅದು ತೆಗೆದುಕೊಂಡ ಹೊತ್ತು, ಅದು ಹುಟ್ಟಿದ ಫೈಲು ಮತ್ತು ಸಾಲಿನ ನಂಬರ್, ಈ ಮೂರನ್ನು ಬರೆಸಿದೆ. ಈ ಮೂರನೆಯದು ಮುಖ್ಯ. ಕ್ವೆರಿ ಮಾತ್ರ ಸಿಕ್ಕಿದರೆ "ಇದನ್ನು ಯಾವ ಪುಣ್ಯಾತ್ಮ ಕೇಳಿದ" ಅಂತ ಮತ್ತೆ ಹುಡುಕಬೇಕಾಗುತ್ತದೆ.

ಅವತ್ತು 184 ಲಾಟ್ ಇತ್ತು. ರೈಟರು ಪಟ್ಟಿ ಒತ್ತಿದರು. ಪಕ್ಕದ ಕಪ್ಪು ಕಿಟಕಿಯಲ್ಲಿ ಸಾಲುಗಳು ಹರಿಯತೊಡಗಿದವು. ಮಾಲಿನ ಜಾತಿ, ಐಡಿ 3, 26 ಮಿಲಿಸೆಕೆಂಡ್. ಖರೀದಿದಾರ, ಐಡಿ 41, 27 ಮಿಲಿಸೆಕೆಂಡ್. ಮುಂಗಡದ ಮೊತ್ತ, ರೈತ 1108, 26 ಮಿಲಿಸೆಕೆಂಡ್. ಮಾಲಿನ ಜಾತಿ, ಐಡಿ 3, 26. ಖರೀದಿದಾರ, ಐಡಿ 17, 26. ಮುಂಗಡ, ರೈತ 764, 26. ಮಾಲಿನ ಜಾತಿ, ಐಡಿ 3...

ರೈಟರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಮೂರು ಅಂದ್ರೆ ಎಂತದು?"

"ರಾಶಿ."

"ಈ ಕೆಳಗಿನ ಮೂರು?"

"ಅದೂ ರಾಶಿನೇ."

"ಮತ್ತೆ ಯಾಕೆ ಕೇಳ್ತದೆ? ಆಗಲೇ ಹೇಳಿದ್ದು ಮರೀತದಾ ಅದಕ್ಕೆ?"

ಮರೆಯುತ್ತದೆ. ಅದೇ ವಿಷಯ. ಇರುವುದೇ ನಾಲ್ಕು ಜಾತಿ. ಅದನ್ನು ಆ ಪುಟ 184 ಸಲ ಮುಂಬೈಗೆ ಹೋಗಿ ಕೇಳಿಕೊಂಡು ಬರುತ್ತಿತ್ತು. ಜಾಂಗೋ ಲಾಟುಗಳನ್ನು ತರುವಾಗ ಲಾಟಿನ ಸಾಲನ್ನು ಮಾತ್ರ ತರುತ್ತದೆ. ಟೆಂಪ್ಲೇಟಿನಲ್ಲಿ (ಅಂದರೆ ಪುಟದ ಅಚ್ಚಿನಲ್ಲಿ) "ಲಾಟಿನ ಜಾತಿಯ ಹೆಸರು" ಅಂತ ಬರೆದ ಜಾಗಕ್ಕೆ ಬಂದಾಗಲೇ ಅದಕ್ಕೆ ಹೆಸರು ಬೇಕು ಅಂತ ನೆನಪಾಗಿ ಇನ್ನೊಂದು ಕ್ವೆರಿ ಕಳಿಸುತ್ತದೆ. ಪ್ರತಿ ಲಾಟಿಗೂ ಹೊಸದಾಗಿ. ಕೋಡ್ ಬರೆದವನ ಕಣ್ಣಿಗೆ ಅಲ್ಲಿ ಕಾಣುವುದು ಒಂದು ಚುಕ್ಕಿ ಮಾತ್ರ. ಇದಕ್ಕೆ ನಮ್ಮ ಕಸುಬಿನಲ್ಲಿ 'ಎನ್ ಪ್ಲಸ್ ಒನ್' ಅನ್ನುತ್ತಾರೆ: ಪಟ್ಟಿಗೆ ಒಂದು ಕ್ವೆರಿ, ಅದರ ಎನ್ ಸಾಲುಗಳಿಗೆ ಇನ್ನೂ ಎನ್ ಕ್ವೆರಿ. ಕೆಲಸದ ಸಂದರ್ಶನಗಳಲ್ಲಿ ನಾನೇ ಬೇರೆಯವರಿಗೆ ಈ ಪ್ರಶ್ನೆ ಕೇಳಿದ್ದೇನೆ.

ಕೊನೆಯ ಸಾಲು ಹೇಳಿತು: 559 ಕ್ವೆರಿ, 14.6 ಸೆಕೆಂಡ್. ಲೆಕ್ಕ ಹಾಕಿದೆ. 184 ಲಾಟ್, ಒಂದೊಂದಕ್ಕೆ ಮೂರು, 552. ಲಾಗಿನ್ನು, ಸೆಷನ್ನು, ಪಟ್ಟಿ ಅಂತ ಉಳಿದ ಏಳು. ಮುಂಬೈಗೆ ಪಿಂಗ್ ಮಾಡಿ ಹೋಗಿ ಬರುವ ಹೊತ್ತು ಅಳೆದೆ: 26 ಮಿಲಿಸೆಕೆಂಡ್. ಅದೇ ಜಾತಿಯ ಕ್ವೆರಿಯನ್ನು ಡೇಟಾಬೇಸಿನೊಳಗೇ ಅಳೆದರೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲೂ ಇಲ್ಲ. ಪೋಸ್ಟ್‌ಗ್ರೆಸ್ ಮಾಡುತ್ತಿದ್ದ ಕೆಲಸ ಏನೂ ಇರಲಿಲ್ಲ, ಪೂರಾ ದಾರಿ ಖರ್ಚು. ಕೇಬಲ್ಲಿನ ಹುಡುಗ ಹೇಳಿದ್ದೂ ನಿಜವೇ: ಪೈಪು ಎಷ್ಟು ದಪ್ಪ ಅನ್ನುವುದು ಬೇರೆ, ಹೋಗಿ ಬರಲು ಎಷ್ಟು ಹೊತ್ತು ಅನ್ನುವುದು ಬೇರೆ. ದೊಡ್ಡ ಸರ್ವರ್ ತಂದರೂ ಮುಂಬೈ ಹತ್ತಿರ ಬರುವುದಿಲ್ಲ. ಸಿಡಿಲು ಬಡಿಯುವ ಮೊದಲೂ ಈ ಐನೂರು ಚಿಲ್ಲರೆ ಕ್ವೆರಿ ಹೋಗುತ್ತಲೇ ಇದ್ದವು. ಆಗ ಡೇಟಾಬೇಸ್ ಅದೇ ಪೆಟ್ಟಿಗೆಯಲ್ಲಿತ್ತು, ಗೊತ್ತಾಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೂ ಅಷ್ಟೇ, ಜೊತೆಗೆ ಅಲ್ಲಿ ಪರೀಕ್ಷೆಗೆ ಅಂತ ನಾನು ಹಾಕಿಟ್ಟಿದ್ದು ಐದು ಲಾಟ್.

ಜಾತಿ, ಖರೀದಿದಾರ ಇವೆರಡನ್ನು ಸರಿ ಮಾಡುವುದು ಒಂದು ನಿಮಿಷದ ಕೆಲಸ. 'ಸೆಲೆಕ್ಟ್ ರಿಲೇಟೆಡ್' ಅಂತ ಹೆಸರು ಕೊಟ್ಟರೆ ಜಾಂಗೋ ಲಾಟಿನ ಕ್ವೆರಿಯಲ್ಲೇ ಜಾಯಿನ್ ಮಾಡಿ ಒಟ್ಟಿಗೆ ತರುತ್ತದೆ. ರೈತರ ಹೆಸರಿಗೆ ನಾನು ಮೊದಲೇ ಹಾಗೆ ಮಾಡಿದ್ದೆ. ಆಮೇಲೆ ಕಾಲಂ ಸೇರಿಸುತ್ತಾ ಹೋದಾಗ ಮರೆತಿದ್ದೆ.

ಬಾಕಿ ಅಷ್ಟು ಸುಲಭ ಇರಲಿಲ್ಲ. ಫೈಲು, ಸಾಲು ನೋಡಿದರೆ ಅದು ರೈತರ ಮಾಡೆಲ್ಲಿನಲ್ಲಿ ನಾನು ಎರಡು ವರ್ಷದ ಹಿಂದೆ ಬರೆದ 'ಬಾಕಿ' ಅನ್ನುವ ನಾಲ್ಕು ಸಾಲಿನ ಫಂಕ್ಷನ್. ಕೊಟ್ಟ ಮುಂಗಡವೆಲ್ಲ ಕೂಡಿಸಿ, ತೀರಿಸಿದ್ದು ಕಳೆದು ಕೊಡುತ್ತದೆ. ಒಬ್ಬ ರೈತರ ಪುಟಕ್ಕೆ ಅಂತ ಬರೆದದ್ದು, ಅಲ್ಲಿ ಚೆನ್ನಾಗಿಯೇ ಇತ್ತು. ಸಾವ್ಕಾರ್ರು ಕಾಲಂ ಕೇಳಿದ ದಿನ ಅದನ್ನೇ ಎತ್ತಿ ಪಟ್ಟಿಯ ಟೆಂಪ್ಲೇಟಿಗೆ ಇಟ್ಟಿದ್ದೆ. ಒಳಗೆ ಕೂಡುವ ಲೆಕ್ಕ ಇರುವುದರಿಂದ ಜಾಯಿನ್ ಮಾಡಿ ತರುವ ಉಪಾಯ ಅದಕ್ಕೆ ನಡೆಯುವುದಿಲ್ಲ.

ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ರೈಟರು ಅಲಮಾರಿಯಿಂದ ಒಂದು ಹಳೆಯ ಖಾತೆಪುಸ್ತಕ ತೆಗೆದರು. ಕೆಂಪು ಬಟ್ಟೆಯ ರಟ್ಟು, ಬಲಗಡೆಯ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಕ್ಷರ. ಬೆರಳಿಟ್ಟ ಕಡೆ ಅಂಚು ಎಣ್ಣೆ ಕುಡಿದು ಕಪ್ಪಾಗಿತ್ತು.

"ಟೆಂಡರ್ ಹೊತ್ತಲ್ಲಿ ಇದನ್ನ ತೆಗೆದ್ರೆ ಮುಗೀತಿತ್ತಾ ಹೇಳು? ಬೆಳಿಗ್ಗೆ ಮಾಲು ಬಂದವ್ರ ಹೆಸರೆಲ್ಲ ಒಂದು ಚೀಟಿಗೆ ಬರ್ಕಂತಿದ್ದೆ. ಆಮೇಲೆ ಪುಸ್ತಕ ಒಂದೇ ಸಲ ಅ-ದಿಂದ ಹ-ವರೆಗೆ ತಿರುವಿ ಬಾಕಿ ಇಳಿಸ್ಕಂಡು, ಚೀಟಿ ಜೇಬಲ್ಲಿ ಇಟ್ಕಂಡು ಓಡಾಡ್ತಿದ್ದೆ."

ಅದನ್ನೇ ಕೋಡಿಗೆ ಇಳಿಸಿದೆ. ಅವತ್ತಿನ ರೈತರ ಐಡಿಗಳನ್ನು ಒಟ್ಟು ಮಾಡಿ, ಇಷ್ಟು ಜನರ ಮುಂಗಡವನ್ನು ರೈತವಾರು ಗುಂಪು ಮಾಡಿ ಕೂಡಿಸಿ ಕೊಡು ಅಂತ ಒಂದೇ ಕ್ವೆರಿ, ಬಂದ ಉತ್ತರ ಒಂದು ಡಿಕ್ಷನರಿಯಲ್ಲಿ. ಆ ವೇರಿಯಬಲ್ಲಿಗೆ 'ಚೀಟಿ' ಅಂತಲೇ ಹೆಸರಿಟ್ಟಿದ್ದೇನೆ. 559 ಇದ್ದದ್ದು 8ಕ್ಕೆ ಇಳಿಯಿತು, ಪುಟ ಅರ್ಧ ಸೆಕೆಂಡಿನ ಆಸುಪಾಸು. ಮತ್ತೆ ಯಾರಾದರೂ (ಅಂದರೆ ನಾನೇ) ಕಾಲಂ ಸೇರಿಸಿ ಕೆಡಿಸದ ಹಾಗೆ, ಈ ಪುಟಕ್ಕೆ 8 ಕ್ವೆರಿಗಿಂತ ಹೆಚ್ಚಾದರೆ ಫೇಲ್ ಆಗುವ ಒಂದು ಟೆಸ್ಟನ್ನೂ ಬರೆದೆ.

ಮಧ್ಯಾಹ್ನ ಊಟಕ್ಕೆ ದುರ್ಗಿಗುಡಿ ಕಡೆ ಹೋಗಿ ಬಂದೆ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿಪಿಯು ಶೇ. 12 ಯಾಕೆ ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಆ ಚಿಲ್ಲರೆ ಕ್ವೆರಿಗಳು ಅಷ್ಟು ಕೆಲಸ ಮಾಡಿಸುವಂಥವಲ್ಲ. 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ತೆರೆದೆ. ಇದು ಒಂದೇ ತರಹದ ಕ್ವೆರಿಗಳನ್ನು, ಒಳಗಿನ ಐಡಿ ದಿನಾಂಕಗಳನ್ನು ತೆಗೆದು, ಒಂದೇ ಸಾಲಿಗೆ ಸೇರಿಸಿ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು, ಸರಾಸರಿ ಎಷ್ಟು ಅಂತ ಲೆಕ್ಕ ಇಡುತ್ತದೆ. ಎಷ್ಟು ಸಲ ಅನ್ನುವ ಕಾಲಂನಲ್ಲಿ ನಮ್ಮ ಜಾತಿ, ಖರೀದಿದಾರ, ಮುಂಗಡ ಮೂರೂ ಮೇಲೆ ಕೂತಿದ್ದವು. ಇದನ್ನು ಮೊದಲೇ ನೋಡಿದ್ದರೆ ಬಸ್ ಚಾರ್ಜು ಉಳಿಯುತ್ತಿತ್ತು. ಆದರೆ ಒಟ್ಟು ಹೊತ್ತಿನ ಪ್ರಕಾರ ಜೋಡಿಸಿದಾಗ ಮೇಲೆ ಬಂದದ್ದು ಬೇರೆಯೇ: "ಇವತ್ತಿನ ಆವಕ". ಮುಖಪುಟದಲ್ಲಿ ಇವತ್ತು ಎಷ್ಟು ಕ್ವಿಂಟಾಲ್ ಬಂತು ಅಂತ ತೋರಿಸುವ ಕ್ವೆರಿ. ಸರಾಸರಿ 380 ಮಿಲಿಸೆಕೆಂಡ್. ನಾನು 500ಕ್ಕೆ ಬಲೆ ಹಾಕಿದ್ದೆನಲ್ಲ, ಕೆಳಗೆ ನುಸುಳಿ ಹೋಗಿತ್ತು. ಮಂಡಿಯಲ್ಲಿ ಆರು ಪರದೆ, ಒಂದೊಂದೂ ಹತ್ತು ಸೆಕೆಂಡಿಗೊಮ್ಮೆ ಅದನ್ನು ಕೇಳುತ್ತಿದ್ದವು, ನೋಡುವವರು ಇರಲಿ ಇಲ್ಲದಿರಲಿ.

'ಎಕ್ಸ್‌ಪ್ಲೇನ್ ಅನಲೈಜ್' ಹಾಕಿದೆ. (ಇದು ಕ್ವೆರಿಯನ್ನು ನಿಜವಾಗಿಯೂ ಓಡಿಸಿ ಅಳೆಯುತ್ತದೆ. ಡಿಲೀಟ್ ಮುಂದೆ ಇಟ್ಟರೆ ಡಿಲೀಟೇ ಆಗುತ್ತದೆ. ನಾನು ಕಲಿತದ್ದು ಹಾಗೇ, ಪುಣ್ಯಕ್ಕೆ ಲ್ಯಾಪ್‌ಟಾಪಿನಲ್ಲಿ.) ಉತ್ತರ: ಸೀಕ್ವೆನ್ಷಿಯಲ್ ಸ್ಕ್ಯಾನ್. ಹಳೆಯ ವರ್ಷಗಳ ಲೆಕ್ಕವೂ ಸೇರಿ ತೂಕದ ಟೇಬಲ್ಲಿನಲ್ಲಿ ಸುಮಾರು 9 ಲಕ್ಷ ಸಾಲಿವೆ. ಅಷ್ಟನ್ನೂ ಓದಿ, ಇವತ್ತಿನ ಕೆಲವು ನೂರು ಇಟ್ಟುಕೊಂಡು, ಉಳಿದದ್ದನ್ನು ಎಸೆಯುತ್ತಿತ್ತು.

ತೂಗಿದ ಸಮಯದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇತ್ತು. ನಾನೇ ಹಾಕಿದ್ದು. ಪೋಸ್ಟ್‌ಗ್ರೆಸ್ ಅದರ ಮುಖವನ್ನೂ ನೋಡಿರಲಿಲ್ಲ. ಯಾಕೆಂದರೆ ನಾನು ಕೇಳಿದ್ದು "ತೂಗಿದ ಸಮಯವನ್ನು ಭಾರತದ ಗಡಿಯಾರಕ್ಕೆ ತಿರುಗಿಸಿ, ಅದರಲ್ಲಿ ತಾರೀಕು ಮಾತ್ರ ತೆಗೆದು, ಇವತ್ತಿನದಾ ನೋಡು" ಅಂತ. ಜಾಂಗೋದಲ್ಲಿ 'ಡೇಟ್' ಅಂತ ಒಂದು ಪದ ಸೇರಿಸಿದರೆ ಇಷ್ಟೂ ಆಗುತ್ತದೆ. ಇಂಡೆಕ್ಸಿನಲ್ಲಿ ಇರುವುದು ಪೂರ್ತಿ ಸಮಯ, ತಾರೀಕಲ್ಲ. ಹಾಗಾಗಿ ಪ್ರತಿ ಸಾಲನ್ನೂ ಎತ್ತಿ ತಿರುಗಿಸಿ ನೋಡದೆ ಬೇರೆ ದಾರಿಯಿಲ್ಲ. ಅಂಚಿನಲ್ಲಿ ಅ, ಆ, ಇ ಕತ್ತರಿಸಿದ ಪುಸ್ತಕ ಕೈಯಲ್ಲಿ ಕೊಟ್ಟು "ಹೆಸರಿನ ಕೊನೇ ಅಕ್ಷರ ಪ-ಕಾರ ಇರುವವರನ್ನು ಹುಡುಕು" ಅಂದ ಹಾಗೆ.

ಪ್ರಶ್ನೆಯನ್ನು ಮಾತ್ರ ತಿರುಗಿಸಿದೆ: ಇವತ್ತು ನಡುರಾತ್ರಿ ಹನ್ನೆರಡರಿಂದ ನಾಳೆ ನಡುರಾತ್ರಿಯ ಒಳಗೆ ತೂಗಿದ್ದು ಕೊಡು. ಗಡಿಯಾರದ ಲೆಕ್ಕ ಎರಡೇ ಸಲ, ನನ್ನ ಕಡೆಯಲ್ಲೇ. ಇಂಡೆಕ್ಸ್ ಸ್ಕ್ಯಾನ್, ಒಂದು ಮಿಲಿಸೆಕೆಂಡಿನೊಳಗೆ. ಹೊಸ ಇಂಡೆಕ್ಸ್ ಬೇಕಾಗಲಿಲ್ಲ. ಸಿಪಿಯು ಗೆರೆ ನೆಲಕ್ಕೆ ಅಂಟಿತು.

ಇನ್ನೊಂದು ಚಿಕ್ಕದು. ಜಾಂಗೋ ತಾನಾಗಿ ಒಂದೊಂದು ಪುಟಕ್ಕೂ ಡೇಟಾಬೇಸಿಗೆ ಹೊಸ ಕನೆಕ್ಷನ್ ತೆರೆದು ಮುಚ್ಚುತ್ತದೆ. ಕೈಕುಲುಕು, ಗೂಢಲಿಪಿಯ ಮಾತುಕತೆ, ಪಾಸ್‌ವರ್ಡ್, ಒಂದೊಂದಕ್ಕೂ ಮುಂಬೈಗೆ ಹೋಗಿ ಬರಬೇಕು. ತೆರೆದ ಕನೆಕ್ಷನ್ ಎಷ್ಟು ಹೊತ್ತು ಉಳಿಯಬೇಕು ಅಂತ ಹೇಳುವ 'ಕನ್ ಮ್ಯಾಕ್ಸ್ ಏಜ್' ಹತ್ತು ನಿಮಿಷ ಅಂತ ಇಟ್ಟೆ. ಪುಟ ಕಾಲು ಸೆಕೆಂಡಿನ ಹತ್ತಿರಕ್ಕೆ ಬಂತು.

ಹೆಸರು ಹುಡುಕುವ ಪುಟ ಇನ್ನೂ ಸರಿಯಾಗಿಲ್ಲ. ಒಂದೇ ಊರನ್ನು ಮೂರು ಜನ ಮೂರು ತರಹ ಬರೆದಿದ್ದಾರೆ, ಅದು ಇಂಡೆಕ್ಸಿನಿಂದ ತೀರುವ ಸಮಸ್ಯೆಯಲ್ಲ.

ಬಸ್ಸಿಗೆ ಹೊರಡುವ ಮೊದಲು ರೈಟರು ಕೊನೆಯ ಸಲ ಪಟ್ಟಿ ಒತ್ತಿದರು. ಎಲೆ ಕೈಯಲ್ಲಿತ್ತು, ಸುಣ್ಣದ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಪರದೆ ನೋಡಿದರು, ನನ್ನನ್ನು ನೋಡಿದರು, ಎಲೆಯನ್ನು ವಾಪಸ್ ಚಂಚಿಗೆ ಹಾಕಿದರು. "ಆಯ್ತು" ಅಂದರು. ಅಷ್ಟೇ.

ಆ ವಾರವೇ ಸರ್ವರನ್ನು ಮೊದಲಿನ ಚಿಕ್ಕ ಸೈಜಿಗೆ ಇಳಿಸಿದೆ. ದೊಡ್ಡದಕ್ಕೆ ಏರಿಸಿದ್ದ ದಿನಗಳ ಹೆಚ್ಚುವರಿ ಬಿಲ್ ಯಾರು ಕೊಡುವುದು ಅನ್ನುವ ಮಾತು ಬಂತು. ಸಾವ್ಕಾರ್ರು ಏನೂ ಹೇಳಲಿಲ್ಲ, ರೈಟರ ಕಡೆ ನೋಡಿದರು. ಮುಂದಿನ ಸಲ ಅಪ್ಪನ ಜೊತೆ ಅಡಿಕೆ ಹಾಕಲು ಹೋದಾಗ ಪಟ್ಟಿಯಲ್ಲಿ ನಮ್ಮ ಲಾಟಿನ ಮುಂದೆ ಬಾಕಿ ಕಾಲಂನಲ್ಲಿ ಒಂದು ಮೊತ್ತ ಇತ್ತು. ನಾವು ಮುಂಗಡ ಎತ್ತಿಯೇ ಇರಲಿಲ್ಲ. ಅಪ್ಪ ಎಂತದು ಇದು ಅಂತ ಕೇಳಿದರು. ಒತ್ತಿ ತೆಗೆದರೆ ವಿವರದಲ್ಲಿ ರೈಟರು ಟೈಪ್ ಮಾಡಿದ್ದರು: "ಮಗನ ಸರ್ವರ್ ಬಾಬ್ತು."